ಇಪ್ಪತ್ತೈದು ಬುಟ್ಟಿ ಖಡಿ

ಗಾಡಿ ಏರಿನ ನಟ್ಟನಡುವೆ ನಿಂತಿತು. ಬರೀ ನಿಂತಿದ್ದರೆ ಚಿಂತೆ ಇರಲಿಲ್ಲ, ಒಂದು ಗೇಣು ಹಿಂದಕ್ಕೂ ಸರಿಯಿತು. ಶಾಹಿಸ್ತಾ ಮೈಭಾರವನ್ನೆಲ್ಲ ಬ್ರೇಕಿನ ಮೇಲೆ ಬಿಟ್ಟು ಎಡಗೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದಳು. ಹಿಂದೆ ಕೊಂಡಿಗೆ ಸಿಕ್ಕಿಸಿದ್ದ ಕಾಂಕ್ರೀಟ್ ಮಷೀನು ಕಿರ್ರೆಂದು ಓರೆಯಾಗಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಅವಳ ತಂದೆ ಅಲ್ಲಾಉದ್ದೀನ ತುಟಿ ಪಿಟಕ್ಕೆನ್ನಲಿಲ್ಲ. ಬಾಗಿಲು ತೆಗೆದು, ನೋವಿನ ಎಡಮೊಣಕಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಕುಂಟುತ್ತ ಹೋಗಿ ರಸ್ತೆಯಂಚಿನ ಎರಡು ಕಲ್ಲು ತಂದು ಗಾಲಿಗೆ ಕೊಟ್ಟ. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಗುಡ್ಡದ ಕಡೆ ನೋಡುತ್ತ ನಿಂತ.

ಅವನು ಬೈದಿದ್ದರೆ ಶಾಹಿಸ್ತಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅಬ್ಬಾ ಮಾತು ನಿಲ್ಲಿಸಿದನೆಂದರೆ ತೀರ್ಮಾನ ಆಗಿಹೋಯಿತು ಎಂದೇ ಅರ್ಥ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ವೀರೇಶ ಓಡಿಬಂದ. ಬೆಟಗೇರಿಯಲ್ಲಿ ಹಳೆಯ ಗಾಡಿ ಮಾರುವವನು ಅವನೇ, ಈ ಗ್ಯಾಸಿನ ಪಿಕಪ್ಪನ್ನು ನೋಡಲೆಂದು ಕೊಟ್ಟವನೂ ಅವನೇ. ಪೆಟ್ರೋಲಿಗೆ ಬದಲಿಸಿ ಹೊಡೆದರೆ ಏರುತ್ತದೆ, ಗ್ಯಾಸಿನ ಮೇಲೆ ಎಳೆತ ಸ್ವಲ್ಪ ಕಡಿಮೆ ಎಂದು ಸಮಜಾಯಿಷಿ ಹೇಳತೊಡಗಿದ.

"ಗ್ಯಾಸು ಒಲಿ ಮ್ಯಾಲ ಛಲೋ, ವೀರೇಶಪ್ಪ," ಎಂದ ಅಲ್ಲಾಉದ್ದೀನ. "ಅನ್ನ ಬೇಯಸ್ತೈತಿ. ನನ್ನ ಮಷೀನ ಎಳ್ಯಂಗಿಲ್ಲ."

ಬೆಟಗೇರಿಯಲ್ಲಿ ಅಲ್ಲಾಉದ್ದೀನ ಎಂದರೆ ಸ್ಲ್ಯಾಬ್ ಮಿಸ್ತ್ರಿ. ಗೋಡೆ ಯಾರಿಂದಲಾದರೂ ಏಳಿಸಿರಲಿ, ಮೇಲೆ ಸ್ಲ್ಯಾಬ್ ಹಾಕುವ ದಿನ ಜನಕ್ಕೆ ಇವನ ಮಷೀನೇ ಬೇಕು, ಇವನ ಮಂದಿಯೇ ಬೇಕು. ಸ್ಲ್ಯಾಬಿನ ಕೆಲಸ ಒಮ್ಮೆ ಹಿಡಿದರೆ ಮುಗಿಯುವ ತನಕ ಕೈ ಬಿಡುವಂತಿಲ್ಲ. ನಡುವೆ ಬಿಟ್ಟರೆ ಬಿಟ್ಟ ಜಾಗದಲ್ಲೇ ಮಳೆಗಾಲಕ್ಕೆ ನೀರು ಸೋರುತ್ತದೆ. ಅದಕ್ಕೇ ಮಷೀನು ಬೆಳಿಗ್ಗೆ ಏಳಕ್ಕೆ ಮನೆ ಮುಂದೆ ಇರಬೇಕು. ಹದಿನೇಳು ವರ್ಷ ಅದನ್ನು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಸಿಂಗಟಾಲೂರು ಎಂದು ಎಳೆದು ತಿರುಗಿದ್ದು ಒಂದು ಡೀಸೆಲ್ ಪಿಕಪ್ಪು. ಹೋದ ತಿಂಗಳು ಅದರ ಇಂಜಿನ್ನು ಜಾಮಾಗಿ ಕೂತಿತು. ಅದಕ್ಕಿಂತ ಎರಡು ವರ್ಷ ಮೊದಲೇ ಅಲ್ಲಾಉದ್ದೀನನ ಮೊಣಕಾಲು ಕೂತಿತ್ತು, ಅಂದಿನಿಂದ ಗಾಡಿ ಹೊಡೆಯುವವಳು ಮಗಳು.

ಹೊಲಿಗೆ ಕಲಿಯಲು ಕಳಿಸಿದರೆ ಮೂರು ತಿಂಗಳಿಗೇ ಬೇಸತ್ತು ಬಂದವಳು ಈ ಶಾಹಿಸ್ತಾ. ಬೆಳಿಗ್ಗೆ ಬರೀ ಗೋಡೆ ಇದ್ದ ಕಡೆ ಸಂಜೆಯೊಳಗೆ ಮನೆಯ ಮೇಲೆ ಮಾಳಿಗೆ ನಿಲ್ಲುವುದನ್ನು ನೋಡುವ ಸುಖ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಈಗ ಅಪ್ಪ ಒಂದು ಗಡುವು ಹಾಕಿದ್ದ. ಶನಿವಾರ ಈ ಏರಿನ ಆಚೆಯ ಹಿರೇವಡ್ಡಟ್ಟಿಯಲ್ಲಿ ಕಸ್ತೂರೆವ್ವನ ಮನೆಯ ಸ್ಲ್ಯಾಬು. ಅಷ್ಟರೊಳಗೆ ಈ ಏರು ಹತ್ತಿಸುವ ಗಾಡಿ ಸಿಕ್ಕು, ಶಾಹಿಸ್ತಾ ಅದನ್ನು ಹೊಡೆದರೆ ಮಷೀನು ಮತ್ತು ಮಂದಿ ಅವಳ ಕೈಗೆ. ಇಲ್ಲವಾದರೆ ಮುಂಡರಗಿಯ ಗುತ್ತಿಗೆದಾರ ಚನ್ನಬಸವಣ್ಣ ಮಷೀನು ಕೇಳಿಯೇ ಇದ್ದ, ಅವನಿಗೆ ಕೊಟ್ಟುಬಿಡುವುದು.

ಒಂದು ತಿಂಗಳಿಂದ ಮನೆಯಲ್ಲಿ ಇದೇ ಪಂಚಾಯಿತಿ. ಹೆಣ್ಣು ಕೊಡುವಾಗ ಕೂಡ ಗಂಡಿನ ಬಗ್ಗೆ ಇಷ್ಟು ವಿಚಾರಣೆ ನಡೆಯುವುದಿಲ್ಲ. ಡೀಸೆಲ್ಲು ಜಗ್ಗುತ್ತದೆ, ಐದು ಲಕ್ಷ ಕಿಲೋಮೀಟರು ಓಡುತ್ತದೆ, ಅದರ ರಿಪೇರಿ ಪ್ರತಿ ಊರಿನ ಗ್ಯಾರೇಜಿನವನಿಗೂ ಗೊತ್ತು ಎಂದು ಅಪ್ಪ. ಗ್ಯಾಸು ಅಗ್ಗ, ಹೊಗೆ ಇಲ್ಲ, ಸದ್ದಿಲ್ಲ, ಕ್ಲಚ್ಚು ಹಗುರ ಎಂದು ಮಗಳು. ಗ್ಯಾಸ್ ಬಂಕಿನ ಮುಂದೆ ಆಟೋದವರ ಹಿಂದೆ ಪಾಳಿ ಹಚ್ಚುವವರಾರು ಎಂದು ಅಪ್ಪ ಕೇಳಿದರೆ, ಹಿಂದಿನ ದಿನವೇ ತುಂಬಿಸಿ ಇಟ್ಟರಾಯಿತು ಎಂದು ಮಗಳು. ಈ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಗ್ಯಾಸಿನ ಜೊತೆ ಏಗುತ್ತಿರುವವಳು ತಾನೊಬ್ಬಳೇ, ತನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ ಎಂದು ತಾಯಿ ದಿಲಶಾದಬಿ ಗೊಣಗುತ್ತ ರೊಟ್ಟಿ ಬಡಿಯುತ್ತಿದ್ದಳು. ಆ ಜಗಳವೆಲ್ಲ ಬುಧವಾರ ಬೆಳಿಗ್ಗೆ ಈ ಏರಿನಲ್ಲಿ ಮುಗಿದ ಹಾಗಾಯಿತು.

ಊರ ಕಡೆಯಿಂದ ಬಂದ ಟ್ರ್ಯಾಕ್ಟರಿನವನು ಮಷೀನನ್ನು ಏರಿನ ಬುಡದ ಚಾದಂಗಡಿಯ ತನಕ ಇಳಿಸಿಕೊಟ್ಟ. ಹೋಗುವ ಮುಂಚೆ, ಇದರೊಳಗೇನು ಕಲ್ಲು ತುಂಬಿದ್ದೀರಾ ಎಂದು ನಗಾಡಿದ. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಮತ್ತು ವೀರೇಶ ಅಂಗಡಿಯ ಬೆಂಚಿನ ಮೇಲೆ ಚಾ ಹಿಡಿದು ಕೂತರು. ನಾಳೆ ಡೀಸೆಲ್ ಗಾಡಿ ತರುವುದಾಗಿ ವೀರೇಶ ಹೇಳುತ್ತಿದ್ದ. ಅದೂ ಏರದಿದ್ದರೆ ಚನ್ನಬಸವಣ್ಣ ಇದ್ದಾನೆ ಎಂದು ಅಪ್ಪ ಅನ್ನುವುದು ಶಾಹಿಸ್ತಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಅಳು ಬಂತು. ಅಳುವುದನ್ನು ಅಪ್ಪ ನೋಡಬಾರದೆಂದು ಮಷೀನಿನ ಹಿಂದಕ್ಕೆ ಹೋದಳು.

ಅಲ್ಲಿ ಕರೆವ್ವ ಇದ್ದಳು. ಮಂದಿಯಲ್ಲಿ ಎಲ್ಲರಿಗಿಂತ ಹಳಬಳು, ಹದಿನೇಳು ವರ್ಷದಲ್ಲಿ ಪ್ರತಿ ಸ್ಲ್ಯಾಬಿನ ಮೊದಲ ಬುಟ್ಟಿ ಅವಳ ತಲೆಯ ಮೇಲೆಯೇ ಏರಿದ್ದು. ಗಾಡಿ ನೋಡುವುದಕ್ಕೆ ತಾನೂ ಬರುತ್ತೇನೆಂದು ಹಟ ಮಾಡಿ ಗಾಡಿಯ ಹಿಂದೆ ಕೂತು ಬಂದಿದ್ದಳು. ಈಗ ಡ್ರಮ್ಮಿನ ಬಾಯಿಗೆ ಕಟ್ಟಿದ್ದ ಗೋಣಿಚೀಲ ಬಿಚ್ಚಿ, ಕಳ್ಳತನ ಮಾಡುವವಳ ಹಾಗೆ ಅತ್ತಿತ್ತ ನೋಡುತ್ತ ಡ್ರಮ್ಮನ್ನು ಮೆಲ್ಲಗೆ ಹೊರಳಿಸುತ್ತಿದ್ದಳು. ಒಳಗಿನಿಂದ ಖಡಿ, ಕಾಂಕ್ರೀಟಿಗೆ ಹಾಕುವ ಜಲ್ಲಿಕಲ್ಲು, ಸುರಿಯಿತು. ಸುರಿಯುತ್ತಲೇ ಇತ್ತು. ಅದರ ಹಿಂದೆ ನೀರು ಬಂತು.

ಡ್ರಮ್ಮನ್ನು ಬರಿದಾಗಿ ಒಯ್ಯಬಾರದು ಎಂಬುದು ಕರೆವ್ವನ ಮಂದಿಯಲ್ಲಿ ಮೊದಲಿಂದ ಬಂದ ರೂಢಿ. ನೆರೆಮನೆಯಿಂದ ಬಂದ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲವಲ್ಲ, ಹಾಗೆ. ಒಂದು ಕೆಲಸ ಮುಗಿಸಿ ಹೊರಡುವಾಗ ಐದು ಹಿಡಿ ಖಡಿ ಹಾಕಿ ಬಾಯಿ ಕಟ್ಟಿದರೆ ಮುಂದಿನ ಕೆಲಸ ತಪ್ಪುವುದಿಲ್ಲ. ಅಲ್ಲಾಉದ್ದೀನನಿಗೆ ಇಂಥದ್ದೆಲ್ಲ ಸೇರದು, ಆದರೂ ಐದು ಹಿಡಿಗೆ ಏನಾಗುತ್ತದೆ ಎಂದು ಸುಮ್ಮನಿದ್ದ.

"ಎಷ್ಟ ಹಾಕಿದ್ದಿ, ದೊಡ್ಡವ್ವಾ?" ಶಾಹಿಸ್ತಾ ಖಡಿಯನ್ನು ಕಾಲಿಂದ ಸರಿಸುತ್ತ ಕೇಳಿದಳು.

"ಇಪ್ಪತ್ತೈದ ಬುಟ್ಟಿ. ಮ್ಯಾಲ ನಾಕ ಕೊಡ ನೀರ," ಎಂದಳು ಕರೆವ್ವ, ನೆಲ ನೋಡುತ್ತ. "ಹೊಸಾ ಗಾಡಿ, ನಿನ್ನ ಕೈಯಾಗ ಮೊದಲನೇ ಸಲ ಹೊಂಟೈತಿ. ಐದ ಹಿಡಿ ಹಾಕಿ ಕಳಸಾಕ ನನ್ನ ಮನಸ ಒಪ್ಪಲಿಲ್ಲ ನೋಡವಾ. ತುಂಬಿದ ಕೊಡ ಕಳಿಸಿದಂಗ ಆಗಲಿ ಅಂತ ತುಂಬೇಬಿಟ್ಟೆ."

ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಶಾಹಿಸ್ತಾ ಗಾಲಿಯ ಮೇಲೆ ಕೂತುಬಿಟ್ಟಳು. ಈ ಮುದುಕಿ ಪ್ರೀತಿಯಿಂದ ತನ್ನ ಕೊರಳಿಗೆ ನಾಲ್ಕು ಕ್ವಿಂಟಲ್ ಕಲ್ಲು ಕಟ್ಟಿ ಕಳಿಸಿದ್ದಳು. ಕೂಡಲೇ ಎದ್ದು ಹೋಗಿ ಅಪ್ಪನಿಗೆ ಹೇಳಬೇಕೆನಿಸಿತು. ಆದರೆ ಕರೆವ್ವ ಅವಳ ಮುಂಗೈ ಹಿಡಿದುಕೊಂಡು ಬಿಡಲಿಲ್ಲ. ಕೊಂಡಿಯ ಪಿನ್ನು ಸರಿಯಾಗಿ ಹಾಕಲಿಲ್ಲವೆಂದು ಹನ್ನೆರಡು ವರ್ಷ ಜೊತೆಗಿದ್ದ ಒಬ್ಬನನ್ನು ಅಲ್ಲಾಉದ್ದೀನ ನಿಂತ ಕಾಲಮೇಲೆ ಮನೆಗೆ ಕಳಿಸಿದ್ದು ಇಬ್ಬರಿಗೂ ನೆನಪಿತ್ತು.

ಅಂದು ಮಷೀನನ್ನು ಅಲ್ಲೇ ಬಿಟ್ಟು ಬೆಟಗೇರಿಗೆ ಮರಳುವಾಗ, ಮನೆಯಲ್ಲಿ ಉಣ್ಣುವಾಗ, ಅವಳ ತಲೆಯಲ್ಲಿ ಅದೊಂದೇ. ಸುಮ್ಮನಿದ್ದರೆ ನಾಳೆ ಖಾಲಿ ಡ್ರಮ್ಮನ್ನು ಡೀಸೆಲ್ ಗಾಡಿ ಸಲೀಸಾಗಿ ಎಳೆಯುತ್ತದೆ. ಅಪ್ಪನ ಮಾತು ಗೆಲ್ಲುತ್ತದೆ, ಮಷೀನೂ ಮನೆಯಲ್ಲೇ ಉಳಿಯುತ್ತದೆ. ಆದರೆ ಆ ಕ್ಲಚ್ಚನ್ನು ತಾನು ಎಷ್ಟು ದಿನ ತುಳಿದೇನು? ಎರಡು ವರ್ಷದಲ್ಲೇ ಸಂಜೆಯಾದರೆ ಎಡಗಾಲು ಜೋಮು ಹಿಡಿಯುತ್ತಿತ್ತು. ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಹೇಳಿದರೆ, ಅದಕ್ಕೇ ನಾನು ಮಾರೋಣ ಅಂದದ್ದು ಎನ್ನುತ್ತಾನೆ. ನಿಜ ಹೇಳಿದರೆ ಕರೆವ್ವನ ಅನ್ನ ಹೋಗುತ್ತದೆ, ಜೊತೆಗೆ ಸೋತವಳು ನೆಪ ಹುಡುಕುತ್ತಿದ್ದಾಳೆ ಎಂಬ ಮಾತು ಬೇರೆ.

ಗುರುವಾರ ವೀರೇಶ ಡೀಸೆಲ್ ಗಾಡಿ ತಂದ. ಅಲ್ಲಾಉದ್ದೀನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದರಲ್ಲಿ ಕೂತು ಹೊರಟ. ಶಾಹಿಸ್ತಾ ಕರೆವ್ವನನ್ನು ಕೂರಿಸಿಕೊಂಡು ಗ್ಯಾಸಿನ ಗಾಡಿಯನ್ನೂ ಹೊಡೆದುಕೊಂಡು ಬಂದಳು. ಹೇಗೂ ವೀರೇಶನಿಗೆ ಅದನ್ನು ಬಿಟ್ಟುಕೊಡಬೇಕಲ್ಲ ಎಂದು ಯಾರೂ ಏನೂ ಕೇಳಲಿಲ್ಲ. ಚಾದಂಗಡಿಯ ಮುಂದೆ ವೀರೇಶ ಮಷೀನನ್ನು ಡೀಸೆಲ್ ಗಾಡಿಗೆ ಸಿಕ್ಕಿಸಿದ. ಅಲ್ಲಾಉದ್ದೀನ ಪಿನ್ನನ್ನು ಎರಡು ಸಲ ಎಳೆದು ನೋಡಿ, ಹತ್ತು ಎಂದು ಮಗಳಿಗೆ ಸನ್ನೆ ಮಾಡಿದ.

ಅವಳು ಹತ್ತಲಿಲ್ಲ. ಬುಟ್ಟಿ ತೆಗೆದುಕೊಂಡು, ನಿನ್ನೆ ಸುರಿದ ಖಡಿಯ ಗುಂಪೆಯಿಂದ ತುಂಬಿ ಡ್ರಮ್ಮಿಗೆ ಹಾಕಿದಳು. ಮತ್ತೊಂದು ಹಾಕಿದಳು. ಮೂರನೆಯದಕ್ಕೆ ಅಪ್ಪ ಹತ್ತಿರ ಬಂದ. ಅವಳು ಲೆಕ್ಕ ತಪ್ಪಬಾರದೆಂದು ಮಾತಾಡದೆ ಹಾಕುತ್ತಲೇ ಹೋದಳು. ಸ್ವಲ್ಪ ಹೊತ್ತಿಗೆ ಕರೆವ್ವನೂ ಸೆರಗು ಸಿಕ್ಕಿಸಿ ಇನ್ನೊಂದು ಬುಟ್ಟಿ ಹಿಡಿದಳು. ಇಪ್ಪತ್ತೈದಾದ ಮೇಲೆ ಚಾದಂಗಡಿಯಿಂದ ನಾಲ್ಕು ಕೊಡ ನೀರನ್ನೂ ತಂದು ಸುರಿದು, ಶಾಹಿಸ್ತಾ ಕೈ ಒರೆಸಿಕೊಂಡು ಅಪ್ಪನ ಎದುರು ನಿಂತಳು.

"ನಿನ್ನೆ ಇಷ್ಟ ಇತ್ತು, ಅಬ್ಬಾ."

ಅಲ್ಲಾಉದ್ದೀನ ಖಡಿ ನೋಡಿದ, ಕರೆವ್ವನನ್ನು ನೋಡಿದ. ಅವನ ಕಿವಿ ಕೆಂಪಾಗುವುದನ್ನು ಕಂಡು ವೀರೇಶ ಎರಡು ಹೆಜ್ಜೆ ಹಿಂದೆ ಸರಿದ. ಯಾರು ಹಾಕಿದ್ದು ಎಂದು ಅಲ್ಲಾಉದ್ದೀನ ಕೇಳಿದ. ಕರೆವ್ವ ಬಾಯಿ ತೆರೆಯುವ ಮೊದಲೇ ಶಾಹಿಸ್ತಾ ಮಾತು ತೆಗೆದಳು.

"ಯಾರರ ಹಾಕಲಿ. ಗಾಡಿ ಹೊಡ್ಯಾಕಿ ನಾನು. ಹೊಂಡೂಕಿಂತ ಮೊದಲ ಚೀಲಾ ಬಿಚ್ಚಿ ನೋಡೂದು ನನ್ನ ಕೆಲಸ ಆಗಿತ್ತು, ನೋಡಲಿಲ್ಲ. ತಪ್ಪು ನಂದ."

ಅವನು ಗೋಣಿಚೀಲ ಎಳೆದು ಡ್ರಮ್ಮಿನ ಬಾಯಿ ತಾನೇ ಕಟ್ಟಿದ. ಆಮೇಲೆ, ಆತು, ಹತ್ತು ಎಂದಷ್ಟೇ ಅಂದ.

ಡೀಸೆಲ್ ಗಾಡಿ ಆ ತುಂಬಿದ ಡ್ರಮ್ಮನ್ನು ಎಳೆದುಕೊಂಡು ಏರಿತು. ಎರಡನೇ ಗೇರಿನಲ್ಲಿ, ಗುಡ್ಡವೆಲ್ಲ ಗುಡುಗುವ ಹಾಗೆ ಸದ್ದು ಮಾಡುತ್ತ, ಕಪ್ಪು ಹೊಗೆ ಬಿಡುತ್ತ, ಆದರೆ ಎಲ್ಲೂ ನಿಲ್ಲದೆ ಏರಿತು. ಮೇಲೆ ಹೋಗಿ ತಿರುಗಿಸಿಕೊಂಡು ಕೆಳಗೆ ಬರುವಷ್ಟರಲ್ಲಿ ಶಾಹಿಸ್ತಾಳ ಎಡಗಾಲು ಥರಥರ ಅನ್ನುತ್ತಿತ್ತು. ಜಗ್ಗುವುದರಲ್ಲಿ ಡೀಸೆಲ್ಲಿನ ಸಮಕ್ಕೆ ಗ್ಯಾಸು ಬರುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಅವಳು ಅದನ್ನು ಅಪ್ಪನ ಮುಂದೆ ಒಪ್ಪಿಕೊಂಡಳು. ಒಪ್ಪಿಕೊಂಡು, ಈಗ ಡ್ರಮ್ಮು ಖಾಲಿ ಮಾಡಿ ಗ್ಯಾಸಿನ ಗಾಡಿಗೂ ಒಂದು ಸಲ ಕೊಡಿರಿ ಎಂದು ಕೇಳಿದಳು. ಕರೆವ್ವ ಖಡಿ ಕೆಡವಿ ಸುಮ್ಮನೆ ನಿಂತಳು, ಐದು ಹಿಡಿ ಹಾಕುವುದಕ್ಕೂ ಅಂದು ಅವಳಿಗೆ ಧೈರ್ಯ ಬರಲಿಲ್ಲ.

ಈ ಸಲ ಶಾಹಿಸ್ತಾ ಏರು ಶುರುವಾಗುತ್ತಲೇ ಮೊದಲನೇ ಗೇರಿಗೆ ಇಳಿದಳು. ಡೀಸೆಲ್ ಗಾಡಿಯಾದರೆ ಇಂಜಿನ್ನು ಗೊರಕೆ ಹೊಡೆಯುವ ತನಕ ಕಾಯಬಹುದು. ಇದಕ್ಕೆ ಹಾಗಲ್ಲ, ಉಸಿರು ಕಟ್ಟುವ ಮೊದಲೇ ಗೇರು ಇಳಿಸಬೇಕು. ನಿನ್ನೆ ಅವಳು ಹಳೇ ಗಾಡಿಯ ಚಾಳಿಯಂತೆ ಹೊಡೆದಿದ್ದಳು, ಅದೂ ಒಂದು ತಪ್ಪೇ. ಗಾಡಿ ನಿಧಾನಕ್ಕೆ, ಬಸುರಿ ಹೆಂಗಸು ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ನಿನ್ನೆ ನಿಂತ ಜಾಗ ಬಂತು, ಗಾಲಿಗೆ ಕೊಟ್ಟಿದ್ದ ಕಲ್ಲುಗಳು ಅಲ್ಲೇ ಬಿದ್ದಿದ್ದವು. ಅವುಗಳನ್ನು ದಾಟಿಯೂ ಹತ್ತಿತು. ಮೇಲೆ ತಲುಪಿದಾಗ ಅವಳ ಬಾಯಿಂದ ತಾನಾಗಿಯೇ ಅಲ್‌ಹಮ್ದುಲಿಲ್ಲಾ ಬಂತು.

"ಬರೇ ಮಷೀನ ಏರಿತು," ಎಂದ ಅಲ್ಲಾಉದ್ದೀನ ಪಕ್ಕದಿಂದ. "ಶನಿವಾರ ಹಿಂದ ಎಂಟ ಮಂದಿ ಹೆಣ್ಣಮಕ್ಕಳು ಇರ್ತಾರ. ಸಾಮಾನ ಇರ್ತೈತಿ. ಆವಾಗ?"

ಉತ್ತರ ಹಿಂದಿನಿಂದ ಬಂತು. ಎರಡು ದಿನದಿಂದ ಬಾಯಿ ಹೊಲಿದುಕೊಂಡಿದ್ದ ಕರೆವ್ವ, ಗಾಡಿಯ ಹಿಂದಿನ ಡಬ್ಬಿಯಲ್ಲಿ ಕೂತಲ್ಲಿಂದಲೇ ಕ್ಯಾಬಿನ್ನಿನ ಹಿಂಗಿಟಕಿಯೊಳಗೆ ಮುಖ ತೂರಿಸಿದಳು.

"ಇಳದ ನಡೀತೀವ್ರಿ ಮಿಸ್ತ್ರಿ. ದಿನಾ ನೂರ ಬುಟ್ಟಿ ಹೊತ್ತ ಏಣಿ ಹತ್ತೋರಿಗೆ ಈ ಏರ ಯಾ ಲೆಕ್ಕ? ಹದಿನೇಳ ವರ್ಷ ಆ ಹೊಗಿ ಕುಡದೀವಿ. ನೀವು ಒಳಗ ಕುಂತಿರತಿದ್ರಿ, ನಿಮಗ ಗೊತ್ತಿಲ್ಲ."

ಅಲ್ಲಾಉದ್ದೀನನಿಗೆ ಇದು ಖರೆಯೇ ಗೊತ್ತಿರಲಿಲ್ಲ. ಅವನು ತಿರುಗಿ ಅವಳನ್ನು ನೋಡಿದ. ಈ ಹೊತ್ತು ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಶಾಹಿಸ್ತಾ ಇಂಜಿನ್ನು ಬಂದ್ ಮಾಡಿ, ಮನಸ್ಸಿನಲ್ಲಿದ್ದದ್ದನ್ನು ಸುರಿದಳು. ನಮ್ಮ ಗಾಡಿ ಇಡೀ ದಿನ ಜಗ್ಗುವ ಗಾಡಿಯಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವೆ ಎಂಟು ತಾಸು ಸ್ಲ್ಯಾಬಿನ ಬದಿಗೆ ಸುಮ್ಮನೆ ನಿಂತಿರುತ್ತದೆ. ಕಲ್ಲು ಗಣಿಯವರಿಗೆ, ಕಬ್ಬಿನವರಿಗೆ ಡೀಸೆಲ್ಲೇ ಸರಿ. ತುಂಬಿದ ಡ್ರಮ್ಮನ್ನು ಹದಿನೇಳು ವರ್ಷದಲ್ಲಿ ನಾವು ಎಳೆದದ್ದು ನಿನ್ನೆ, ಇವತ್ತು, ಅಷ್ಟೇ. ಇಷ್ಟು ಹೇಳಿ ಅವಳು ತಡೆದಳು. ಮುಂದಿನದನ್ನು ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿ, ಹೇಳಿಯೇಬಿಟ್ಟಳು.

"ನಿಮ್ಮ ಮೊಣಕಾಲು ಯಾತಕ್ಕ ಹೋತು ಅಬ್ಬಾ? ಬಲಗಾಲು ಛಲೋ ಐತಿ. ಎಡಗಾಲ ಅಷ್ಟ ಯಾಕ ಹೋತು? ಆ ಕ್ಲಚ್ಚ ತುಳದ ತುಳದ ಹೋತು. ನಂದೂ ನೋಯ್ತೈತಿ. ನಾ ಈ ಕೆಲಸಾ ಎರಡ ವರ್ಷ ಮಾಡಿ ಬಿಡಾಕ ಹಿಡದಿಲ್ಲ. ನಿಮ್ಮಷ್ಟ ವರ್ಷ ಮಾಡಬೇಕು ನಾನು."

ಗುಡ್ಡದ ಮೇಲೆ ಗಾಳಿಪಂಕಗಳು ಒಂದೇ ಸಮ ತಿರುಗುತ್ತಿದ್ದವು. ಅಲ್ಲಾಉದ್ದೀನನ ಕೈ ಮೊಣಕಾಲ ಮೇಲಿತ್ತು, ಅದನ್ನು ತೀಡುವುದನ್ನು ಅವನು ಮರೆತಿದ್ದ. ಮಗಳ ಕಾಲು ನೋಯುತ್ತದೆ ಎಂಬುದು ಎರಡು ವರ್ಷ ಪಕ್ಕದಲ್ಲೇ ಕೂತ ತನಗೆ ತಿಳಿಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಗಿರಬೇಕು. ಕೊನೆಗೆ, ಗ್ಯಾಸ್ ಬಂಕಿನ ಪಾಳಿಯಲ್ಲಿ ತಾನಂತೂ ನಿಲ್ಲುವುದಿಲ್ಲ ಎಂದ. ಕರೆವ್ವ ಸೆರಗಿನೊಳಗೆ ನಕ್ಕಳು. ಅವಳು ಹಾಕಿದ ಖಡಿಯ ಮಾತನ್ನು ಅವನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಬಂಕಿನ ಪಾಳಿಯಲ್ಲಿ ಶುಕ್ರವಾರ ಸಂಜೆ ಶಾಹಿಸ್ತಾಳೇ ನಿಂತಳು. ಶನಿವಾರ ನಸುಕಿನಲ್ಲಿ ಹೊರಟರು. ಏರಿನ ಬುಡಕ್ಕೆ ಬಂದಾಗ ಹೊತ್ತು ಮೂಡುತ್ತಿತ್ತು. ಅವಳು ಗಾಡಿ ನಿಲ್ಲಿಸಿ ಇಳಿದು, ಕೊಂಡಿಯ ಪಿನ್ನು ನೋಡಿದಳು, ಡ್ರಮ್ಮಿನ ಚೀಲ ಬಿಚ್ಚಿ ಒಳಗೆ ನೋಡಿದಳು, ಮತ್ತೆ ಕಟ್ಟಿದಳು. ಎಂಟೂ ಜನ ಹೆಂಗಸರು ಬುತ್ತಿಗಂಟು ಗಾಡಿಯಲ್ಲೇ ಬಿಟ್ಟು, ಜಾತ್ರೆಗೆ ಹೊರಟವರಂತೆ ಮಾತಾಡುತ್ತ ನಡೆಯತೊಡಗಿದರು. ಗಾಡಿ ಮೊದಲನೇ ಗೇರಿನಲ್ಲಿ ಅವರ ಜೊತೆಜೊತೆಗೇ ಹತ್ತಿತು. ಅವರು ಯಾರ ಸೊಸೆಯ ಬಗ್ಗೆ ಏನು ಹೇಳುತ್ತಿದ್ದಾರೆಂಬುದು ಸ್ಟೀರಿಂಗ್ ಹಿಡಿದವಳಿಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಹದಿನೇಳು ವರ್ಷದ ಅವರ ಮಾತೆಲ್ಲ ಆ ಡೀಸೆಲ್ಲಿನ ಸದ್ದಿನಲ್ಲಿ ಮುಳುಗಿಹೋಗಿತ್ತು ಎಂದು ಅವಳಿಗೆ ಆಗ ಹೊಳೆಯಿತು.

ಅರ್ಧ ಏರಿನಲ್ಲಿ ಅಲ್ಲಾಉದ್ದೀನನ ಫೋನು ಬಡಿದುಕೊಂಡಿತು. ಚನ್ನಬಸವಣ್ಣ. ಶನಿವಾರ ಹೇಳುತ್ತೇನೆ ಎಂದಿದ್ದಿರಲ್ಲ, ಮಷೀನಿನ ವಿಚಾರ ಏನಾಯಿತು ಎಂದು ಕೇಳಿರಬೇಕು. ಶಾಹಿಸ್ತಾಳ ಕಣ್ಣು ರಸ್ತೆಯ ಮೇಲಿತ್ತು, ಜೀವವೆಲ್ಲ ಎಡಗಿವಿಯಲ್ಲಿತ್ತು.

"ಮಷೀನು ಕೆಲಸಕ್ಕ ಹೊಂಟೈತ್ರಿ," ಎಂದ ಅಲ್ಲಾಉದ್ದೀನ. ಇನ್ನೊಂದು ಮಾತು ಸೇರಿಸದೆ ಫೋನನ್ನು ಜೇಬಿಗಿಟ್ಟ.

ಏಳಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಗಾಡಿ ಹಿರೇವಡ್ಡಟ್ಟಿಯ ಆ ಮನೆಯ ಮುಂದೆ ನಿಂತಿತು. ಸ್ಲ್ಯಾಬ್ ಹಾಕುವ ದಿನ ಮೊದಲ ಬುಟ್ಟಿ ಏರುವುದಕ್ಕೆ ಮುಂಚೆ ಮನೆಯವರು ಮಿಸ್ತ್ರಿಗೆ ಟವೆಲ್ಲು, ಕಾಯಿ ಕೊಟ್ಟು ಮರ್ಯಾದೆ ಮಾಡುವುದು ಈ ಕಡೆಯ ಪದ್ಧತಿ. ಕಸ್ತೂರೆವ್ವ ತಲೆ ತುಂಬ ಸೆರಗು ಹೊದ್ದು, ತಾಟಿನಲ್ಲಿ ಅವೆರಡನ್ನೂ ಇಟ್ಟುಕೊಂಡು ಕಾಯುತ್ತಲೇ ನಿಂತಿದ್ದಳು. ಅವಳ ಅಣ್ಣನ ಮನೆಗೂ ಅಲ್ಲಾಉದ್ದೀನನೇ ಸ್ಲ್ಯಾಬ್ ಹಾಕಿದ್ದ, ಮುಖ ಗುರುತಿತ್ತು. ಬರ್ರಿ ಮಿಸ್ತ್ರಿ ಎನ್ನುತ್ತ ನೇರವಾಗಿ ಅವನು ಕೂತಿದ್ದ ಕಡೆಯ ಬಾಗಿಲಿಗೇ ಬಂದಳು.

ಅಲ್ಲಾಉದ್ದೀನ ತಾಟು ನೋಡಿದ. ಇಳಿಯಲಿಲ್ಲ. ಅವನ ಕೈ ಬಾಗಿಲಿನ ಹಿಡಿಕೆಗೆ ಹೋಗಿ, ಅದನ್ನು ತೆಗೆಯದೆ, ಕೆಳಗಿನ ತಿರುಗಣಿಯನ್ನು ಹಿಡಿಯಿತು. ನಿಧಾನವಾಗಿ ತಿರುಗಿಸುತ್ತ ಕಿಟಕಿಯ ಗಾಜನ್ನು ಅವನು ಪೂರ್ತಿ ಮೇಲಕ್ಕೆ ಏರಿಸಿದ.

ಕಸ್ತೂರೆವ್ವ ಕಕ್ಕಾಬಿಕ್ಕಿಯಾಗಿ ಗಾಜಿನೊಳಗೆ ಇಣುಕಿದಳು. ಒಳಗೆ ಅವನು ನೆಟ್ಟಗೆ ಮುಂದಕ್ಕೆ ನೋಡುತ್ತ ಕೂತಿದ್ದ. ಅವಳು ಒಂದು ಕ್ಷಣ ನಿಂತು, ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಗಾಡಿಯ ಮುಂದಿನಿಂದ ಬಳಸಿಕೊಂಡು ಆಚೆ, ಶಾಹಿಸ್ತಾಳ ಬದಿಗೆ ಬರತೊಡಗಿದಳು.